ಮಾಮಾ ಕೇಳದೆ ತುಂಬಿದ ಸಾಲು

ನನ್ನ ಗಂಡ ಬೀಡಿ ಸೇದುತ್ತಾರೆ ಎನ್ನುವುದು ಆಳಂದದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಗೆಲ್ಲ ಗೊತ್ತು. ಚಹಾದಂಗಡಿಯವನಿಗೆ ಗೊತ್ತು, ಸುಟ್ಟ ಮೋಟರುಗಳನ್ನು ಖಜೂರಿಯಿಂದ ಹೊತ್ತು ತರುವ ರೈತರಿಗೆ ಗೊತ್ತು, ಬೆಳಿಗ್ಗೆ ಹಾಲು ಹಾಕುವವಳಿಗೂ ಗೊತ್ತು. ಗೊತ್ತಿಲ್ಲದ್ದು ಅಫಜಲಪುರದ ಮಾಮಾ ಒಬ್ಬರಿಗೇ. ಹಾಗಂತ ನಾವಿಬ್ಬರೂ ಇಪ್ಪತ್ತಾರು ವರ್ಷ ನಂಬಿಕೊಂಡು ಬಂದಿದ್ದೆವು.

ಮಾಮಾ ಎಂದರೆ ಇವರ ಸೋದರಮಾವ. ಇವರಿಗೆ ಒಂಬತ್ತು ವರ್ಷವಿದ್ದಾಗ ಅಪ್ಪ ತೀರಿಕೊಂಡರು. ನಮ್ಮ ಅತ್ತೆಯವರು ಮಗನ ಕೈ ಹಿಡಿದುಕೊಂಡು ಅಫಜಲಪುರಕ್ಕೆ ಅಣ್ಣನ ಮನೆಗೆ ಬಂದರು. ಮಾಮಾ ಶಾಲೆಯ ಮಾಸ್ತರು. ಮನೆಯಲ್ಲಿ ಸಾಕಿದವರೂ ಅವರೇ, ಶಾಲೆಯಲ್ಲಿ ಕಲಿಸಿದವರೂ ಅವರೇ. ಇವರಿಗೆ ಈಗ ಐವತ್ತೆರಡು. ಆದರೂ ಮಾಮಾನ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತದ್ದನ್ನು ನಾನು ಕಂಡಿಲ್ಲ. ಇನ್ನು ಬೀಡಿಯ ಮಾತೆಲ್ಲಿ! ನಮ್ಮ ಕಡೆ ಹಿರಿಯರ ಎದುರು ಸೇದುವುದು ದೊಡ್ಡ ತಪ್ಪು. ಸೇದುತ್ತೇನೆ ಎಂದು ಬಾಯಿಬಿಟ್ಟು ಹೇಳುವುದು ಅದಕ್ಕಿಂತ ದೊಡ್ಡದು.

ಅಡಗಿಸುವುದಕ್ಕೆ ಇವರ ಕಸುಬೂ ಅನುಕೂಲವಾಗಿಯೇ ಇತ್ತು. ಬಾವಿಯ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಇವರದು. ಮೈತುಂಬ ವಾರ್ನಿಶ್ ವಾಸನೆ. ಅದರ ಮುಂದೆ ಬೀಡಿಯ ವಾಸನೆ ಯಾವ ಲೆಕ್ಕ? ಮೇಲಿಂದ ಜೇಬಿನಲ್ಲಿ ಏಲಕ್ಕಿ. ಮಾಮಾ ಕೂಡ ಹೇಳದೆ ಕೇಳದೆ ಒಳಗೆ ಬರುವವರಲ್ಲ. ಯಾರ ಮನೆಗೆ ಹೋದರೂ ಓಣಿಯ ತಿರುವಿನಲ್ಲೇ ಒಂದು ಸಲ ಜೋರಾಗಿ ಕೆಮ್ಮುತ್ತಾರೆ. ಹೆಣ್ಣುಮಕ್ಕಳು ಸೆರಗು ಸರಿಮಾಡಿಕೊಳ್ಳಲಿ ಎಂದು ಹಿರಿಯರು ಹಾಗೆ ಕೆಮ್ಮುವುದುಂಟಲ್ಲ, ಹಾಗೆ. ಆ ಕೆಮ್ಮು ಕೇಳಿದ ಕೂಡಲೇ ನಾನು ತಲೆಯ ಮೇಲೆ ಸೆರಗು ಹೊದೆಯುತ್ತಿದ್ದೆ, ಇವರು ಬೀಡಿ ಹೊಸಕಿ ಏಲಕ್ಕಿ ಅಗಿಯುತ್ತಿದ್ದರು.

ನನಗೂ ಒಂದು ಚಟವಿದೆ. ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ದಿನದ ಸಂಗತಿ ಬರೆದಿಡುವುದು. ಸಿಲಿಂಡರ್ ಯಾವತ್ತು ಹಚ್ಚಿದೆ, ಉಪ್ಪಿನಕಾಯಿ ಯಾವತ್ತು ಹಾಕಿದೆ, ಯಾರು ಬಂದರು, ಏನು ಉಂಡರು. ವರ್ಷ ಮುಗಿದರೂ ಕ್ಯಾಲೆಂಡರ್ ಎಸೆಯುವುದಿಲ್ಲ, ಸುರುಳಿ ಸುತ್ತಿ ಅಟ್ಟದ ಮೇಲಿಡುತ್ತೇನೆ. "ನನಗ ಬೀಡಿ ಚಟ, ನಿನಗ ಬರಿಯೂ ಚಟ. ನನ್ನದು ಹೊಗಿಯಾಗಿ ಹೋಗ್ತದ, ನಿನ್ನದು ಅಟ್ಟಾ ತುಂಬ್ತದ" ಎಂದು ಇವರು ಕಾಡುತ್ತಾರೆ. ಕಾಡಲಿ. ಆ ಚೌಕಗಳೇ ಒಂದು ದಿನ ನಮ್ಮನ್ನು ಅಫಜಲಪುರದ ಬಸ್ಸಿಗೆ ಓಡಿಸಿದವು. ಆ ಓಟ ನೆನೆದರೆ ಇವತ್ತಿಗೂ ನನಗೆ ಹೆದರಿಕೆಯಾಗುತ್ತದೆ, ಮರುಗಳಿಗೆಗೆ ನಗುವೂ ಬರುತ್ತದೆ.

ಎಳ್ಳಮಾಸಿಯ, ಅಂದರೆ ಎಳ್ಳ ಅಮಾವಾಸ್ಯೆಯ, ಚೌಕದಲ್ಲಿ ಹೀಗೆ ಬರೆದಿದೆ: "ಮಾಮಾನ ಹೊಲ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ. ಪಾಲಿಸಿ ಫಾರಮ್ ತುಂಬಿದ್ದು."

ಮಾಮಾ ನಿವೃತ್ತರಾದ ಮೇಲೆ ವಿಮೆಯ ಏಜೆಂಟರಾಗಿದ್ದರು. ಇವರಿಗೊಂದು ಪಾಲಿಸಿ ಮಾಡಿಸಬೇಕೆಂದು ಎರಡು ವರ್ಷದಿಂದ ಹಟ ಹಿಡಿದಿದ್ದರು. ಮಗಳು ಕಲಬುರಗಿಯಲ್ಲಿ ನರ್ಸಿಂಗ್ ಕಲಿಯುತ್ತಿದ್ದಾಳೆ. ಮನೆ ನಡೆಯುವುದು ಇವರ ಎರಡು ಕೈಗಳ ಮೇಲೆ. ಆ ಕೈ ನಿಂತರೆ ತಂತಿ ಸುತ್ತುವವರು ಬೇರೆ ಯಾರೂ ಇಲ್ಲ. ಇದು ನನಗೂ ಗೊತ್ತಿತ್ತು, ಆದರೆ ಬಾಯಿಬಿಟ್ಟು ಆಡಲು ಮನಸ್ಸಾಗುತ್ತಿರಲಿಲ್ಲ. ಮಾಮಾ ಆಡಿದರು.

ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಊಟ ಮುಗಿಸಿ, ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಎಲ್ಲರೂ ಕೂತಿದ್ದೆವು. ಅಕ್ಕಪಕ್ಕದ ಹೊಲಗಳ ಹಿರಿಯರೂ ಇದ್ದರು. ಮಾಮಾ ಮೊಬೈಲಿನಲ್ಲಿ ಫಾರಮ್ ತುಂಬುವುದನ್ನು ಕಲಿತಿಲ್ಲ. ಚೀಲದಿಂದ ಕಾಗದದ ಫಾರಮ್ ತೆಗೆದು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡರು.

"ಅಳಿಯಾ, ಎತ್ತರ ಎಷ್ಟು?"

"ಐದೂವರಿ ಫೂಟ್ ಇರಬಹುದ್ರಿ ಮಾಮಾ."

"ಇರಬಹುದು ಗಿರಬಹುದು ನಡಿಯೂದಿಲ್ಲ. ಬರೋಬ್ಬರಿ ಹೇಳು. ಎದ್ದು ನಿಂದ್ರು."

ಗಾಡಿಯ ಡಿಕ್ಕಿಯಿಂದ ಅಳತೆಯ ಟೇಪು ತರಿಸಿ, ಬೇವಿನ ಮರಕ್ಕೆ ಆನಿಸಿ ನಿಲ್ಲಿಸಿ, ಸುಣ್ಣದಿಂದ ಗೆರೆ ಎಳೆದು ಅಳೆದರು. ಹಿರಿಯರೆಲ್ಲ ನಕ್ಕರು. ತೂಕ ಕೇಳಿದರು, ಸಕ್ಕರೆ ಬೇನೆ ಕೇಳಿದರು, ಅಪ್ಪ ಯಾವ ವಯಸ್ಸಿಗೆ ಯಾತರಿಂದ ಹೋದರು ಎಂಬುದನ್ನು ತಮಗೆ ಗೊತ್ತಿದ್ದರೂ ಕೇಳಿಯೇ ಬರೆದರು. ನಾನು ಅಂಬಲಿಯ ಗಡಿಗೆ ಹಿಡಿದು ಬಟ್ಟಲುಗಳಿಗೆ ಬಡಿಸುತ್ತಿದ್ದೆ. ಒಂದು ಸಾಲಿನ ಮೇಲೆ ಮಾಮಾನ ಪೆನ್ನು ನಿಂತಿತು. ಅವರು ತಲೆ ಎತ್ತಲಿಲ್ಲ. ಇವರು ದೂರದ ಕುಸುಬಿಯ ಬೆಳೆಯನ್ನು ಅದೇನು ಹೊಸದೋ ಎಂಬಂತೆ ನೋಡತೊಡಗಿದರು. ಪೆನ್ನು ಚಲಿಸಿತು, ಮುಂದಿನ ಸಾಲಿಗೆ ಹೋಯಿತು.

"ಇಲ್ಲಿ ಸಹಿ ಮಾಡು."

ಇವರು ಸಹಿ ಮಾಡಿದರು. ಓದಲಿಲ್ಲ. ಮಾಸ್ತರು ಬರೆದದ್ದನ್ನು ಶಿಷ್ಯ ಓದಿ ತಪಾಸಣೆ ಮಾಡುವುದುಂಟೇ?

ಕೆಲವು ವಾರ ಕಳೆದ ಮೇಲೆ ಪಾಲಿಸಿಯ ಲಕೋಟೆ ಅಂಚೆಯಲ್ಲಿ ಬಂತು. ಅದನ್ನು ತೆರೆಯದೆ, ಅರಿಷಿಣ ಕುಂಕುಮ ಹಚ್ಚಿ, ಅಲಮಾರಿಯಲ್ಲಿ ನನ್ನ ರೇಷ್ಮೆ ಸೀರೆಯ ಕೆಳಗಿಟ್ಟೆ. ಅದೇ ತಿಂಗಳ ಕೊನೆಗೆ, ಒಂದು ಗುರುವಾರ, ಜೇವರ್ಗಿ ಹತ್ತಿರದ ಇಜೇರಿಯಲ್ಲಿ ನನ್ನ ಚಿಕ್ಕಮ್ಮನ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಹೋದೆ.

ಚಿಕ್ಕಮ್ಮನ ಮಗಳು, ನನಗೆ ತಂಗಿ, ಒಳಕೋಣೆಯಲ್ಲಿ ಬಂದವರಿಗೆ ಕೊಡುವ ಕುಪ್ಪಸದ ಖಣಗಳನ್ನು ಮಡಚುತ್ತಿದ್ದಳು. ಅವಳ ಗಂಡ ಟ್ರ್ಯಾಕ್ಟರ್ ಇಟ್ಟಿದ್ದವನು. ಎದೆನೋವು ಬಂದು ತೀರಿಕೊಂಡು ಒಂದು ವರ್ಷದ ಮೇಲಾಗಿತ್ತು. ನಾನೂ ಅವಳ ಪಕ್ಕ ಕೂತು ಮಡಚತೊಡಗಿದೆ. ನಮ್ಮ ಪಾಲಿಸಿಯ ಸುದ್ದಿ ಹೇಳಿದೆ, ಖುಷಿಯಿಂದಲೇ. ಅವಳ ಕೈ ಸ್ವಲ್ಪ ತಡೆಯಿತು.

"ನಮ್ಮದೂ ಇತ್ತಕ್ಕಾ. ವಿಮಾ ಆಫೀಸಿನಿಂದ ಎನ್‌ಕ್ವೈರಿಗಂತ ಒಬ್ಬಾಂವ ಬಂದಿದ್ದ. ಭಾಳ ಚೊಲೋ ಮನಷ್ಯಾ. ಚಾ ಕುಡದ, ನನಗ ಸಮಾಧಾನ ಹೇಳ್ದ. ಎದ್ದು ಸೀದಾ ಪಾನ್ ಶಾಪಿಗಿ ಹೋದ."

"ಪಾನ್ ಶಾಪಿಗ್ಯಾಕ?"

"ಖರೇ ಸಿಗೂದು ಅಲ್ಲೇ ಅಲ್ಲೇನು! ಅಂಗಡ್ಯಾಂವ ಪಾಪ, ಸತ್ತಾಂವನ್ನ ಹೊಗಳಬೇಕಂತ, 'ಏನ್ ದಿಲ್‌ದಾರ್ ಮನಷ್ಯಾ ಇದ್ರಿ ಸಾಹೇಬ್ರ, ದಿನಾ ಎರಡು ಪ್ಯಾಕ್ ಸಿಗರೇಟ್ ಒಯ್ತಿದ್ರು, ನಾಕ ಮಂದಿಗಿ ಕೊಟ್ಟು ಸೇದ್ತಿದ್ರು' ಅಂದ. ಆಂವ ಎಲ್ಲಾ ಬರಕೊಂಡ. ನಮ್ಮ ಫಾರಮಿನಾಗ ತಂಬಾಕು ಇಲ್ಲ ಅಂತಿತ್ತು."

"ಮತ್ತ?"

"ಮತ್ತೇನು, ಪಾಲಿಸಿ ಮಾಡಿ ಒಂದೂವರಿ ವರ್ಷ ಆಗಿತ್ತು. ಮೂರು ವರ್ಷದ ಒಳಗ ಆದ್ರ ಹಿಂದಿನ ಉತ್ತರ ತಪಾಸ್ ಮಾಡೂ ಹಕ್ಕು ಕಾಯ್ದೇದಾಗ ಅದ ಅಂತ. ಕಟ್ಟಿದ ಕಂತು ವಾಪಸ್ ಕೊಟ್ರು. ಪಾಲಿಸಿ ರೊಕ್ಕ ಕೊಡ್ಲಿಲ್ಲ." ಅವಳು ಖಣದ ಅಂಚು ಸರಿಮಾಡಿದಳು. "ಆ ಫಾರಮ್ ನಾ ಕಣ್ಣಿಲೆ ನೋಡಿದ್ದಿಲ್ಲಕ್ಕಾ. ಆಂವ ಸತ್ತ ಮ್ಯಾಲ ನೋಡ್ದೆ. ನೀ ನಿಮ್ಮದು ನೋಡೀದಿ?"

ಬೇವಿನ ಮರ, ತೊಡೆಯ ಮೇಲಿನ ರಟ್ಟು, ನಿಂತ ಪೆನ್ನು, ಕುಸುಬಿಯ ಕಡೆ ತಿರುಗಿದ ಮುಖ, ಎಲ್ಲವೂ ಒಂದೇ ಸಲ ಕಣ್ಣ ಮುಂದೆ ಬಂದವು. ಎತ್ತರವನ್ನು ಮರಕ್ಕೆ ಆನಿಸಿ ಅಳೆದ ಮಾಮಾ ಆ ಒಂದು ಸಾಲನ್ನು ಕೇಳಲೇ ಇಲ್ಲ!

ತೊಟ್ಟಿಲಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದಾಗಿತ್ತೋ ಇಲ್ಲವೋ, ನಾನು ಚಪ್ಪಲಿ ಮೆಟ್ಟಿಕೊಂಡಿದ್ದೆ. "ಊಟಾ ಮಾಡ್ಕೊಂಡ ಹೋಗ ಬೇ, ಹುಚ್ಚಿ!" ಎಂದು ಚಿಕ್ಕಮ್ಮ ಕೂಗಿದ್ದು ಬೆನ್ನ ಹಿಂದೆ ಕೇಳಿತು. ಜೇವರ್ಗಿಗೆ ಟಂಟಂ ಆಟೋ, ಅಲ್ಲಿಂದ ಕಲಬುರಗಿ, ಅಲ್ಲಿಂದ ಆಳಂದ. ಎಲ್ಲ ಬಸ್ಸುಗಳೂ ಅವತ್ತೇ ನಿಧಾನವಾಗಿ ಹೋಗಲು ಮಾತಾಡಿಕೊಂಡಿದ್ದವೇನೋ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಕಾಲು ತೊಳೆಯದೆ ಅಲಮಾರಿ ತೆಗೆದೆ. ಲಕೋಟೆಯೊಳಗೆ ಇವರ ಫಾರಮಿನ ನಕಲೂ ಇತ್ತು. ಬೆರಳಿಟ್ಟುಕೊಂಡು ಸಾಲು ಸಾಲು ಹುಡುಕಿದೆ. ಈಗಾಗಲಿ, ಹಿಂದಾಗಲಿ, ಯಾವುದೇ ರೂಪದಲ್ಲಿ ತಂಬಾಕು ಸೇವಿಸಿದ್ದುಂಟೇ? ಅದರ ಮುಂದೆ ಮಾಮಾನ ಮುತ್ತಿನಂಥ ಅಕ್ಷರದಲ್ಲಿ: ಇಲ್ಲ.

ಮೇಲಿನ ಪತ್ರದಲ್ಲಿ ಇನ್ನೊಂದು ಮಾತಿತ್ತು. ಪಾಲಿಸಿ ಕೈಗೆ ಬಂದ ದಿನದಿಂದ ಮೂವತ್ತು ದಿನದೊಳಗೆ ಒಪ್ಪಿಗೆಯಾಗದಿದ್ದರೆ ಮರಳಿಸಬಹುದು. ಉತ್ತರಗಳಲ್ಲಿ ತಪ್ಪು ಕಂಡರೆ ಕೂಡಲೇ ತಿಳಿಸಬೇಕು. ಕ್ಯಾಲೆಂಡರಿಗೆ ಓಡಿದೆ. "ಪಾಲಿಸಿ ಲಕೋಟೆ ಬಂತು. ಪೋಸ್ಟಿನವನಿಗೆ ಮಜ್ಜಿಗೆ. ಹುಣಸೆಹಣ್ಣು ಬಿಡಿಸಿದೆ." ಆ ಚೌಕದಿಂದ ಬೆರಳು ಮಡಚುತ್ತ ಬಂದೆ. ಅವತ್ತಿಗೆ ಇಪ್ಪತ್ತೇಳು ದಿನ! ನಾಳೆ ಶುಕ್ರವಾರ. ಶನಿವಾರ, ರವಿವಾರ ಕಚೇರಿ ಬಂದ್. ಅಂದರೆ ಉಳಿದದ್ದು ನಾಳೆ ಒಂದೇ ದಿನ.

ಇವರು ಅಂಗಡಿಯಿಂದ ಚಹಾಕ್ಕೆ ಬಂದರು. ಚಹಾ ಕೊಡದೆ ಫಾರಮ್ ಕೊಟ್ಟೆ.

"ಇದನ್ನ ಓದೀರೇನು?"

"ಓದೂದೇನದ? ಮಾಮಾ ಬರದಾರ."

"ಈ ಸಾಲು ಓದ್ರಿ."

ಓದಿದರು. ಮುಖದ ಬಣ್ಣ ಇಳಿಯಿತು. ಆದರೂ ಗಂಡಸು, ಸುಲಭಕ್ಕೆ ಒಪ್ಪುವುದುಂಟೇ?

"ಇದು ಸಿಗರೇಟಿನ ಮಾತಿರಬೇಕು. ನಾ ಸೇದೂದು ಬೀಡಿ."

"ಯಾವುದೇ ರೂಪದ ತಂಬಾಕು ಅಂತದ. ನಿಮ್ಮ ಬೀಡ್ಯಾಗ ಏನ್ ಕೊತ್ತಂಬ್ರಿ ತುಂಬ್ಯಾರೇನು?"

"ಆತು, ಇವತ್ತೇ ಬಿಡ್ತೇನಿ. ಆವಾಗ ಇಲ್ಲ ಅನ್ನೂದು ಖರೇ ಆಗ್ತದ."

"ಹಿಂದ ಸೇದಿದ್ದೂ ಹೇಳ್ರಿ ಅಂತ ಕೇಳ್ಯಾರ. ಸಹಿ ಮಾಡಿದ ದಿನಾನೇ ಬಾವಿ ಹಿಂದ ನಿಂತು ಎರಡು ಸೇದೀರಿ."

"ಅದನ್ನೂ ಬರದಿಟ್ಟೀ ಏನ ಬೇ ಕ್ಯಾಲೆಂಡರಿನಾಗ?"

ಇಜೇರಿಯ ಪಾನ್ ಶಾಪಿನ ಸಂಗತಿ ಹೇಳಿದೆ. ಕೇಳುತ್ತ ಕೇಳುತ್ತ ಇವರು ಗೋಡೆಗೆ ಒರಗಿ ಕೂತರು. ಸಣ್ಣ ದನಿಯಲ್ಲಿ, "ಮಾಮಾನ ಮುಂದ ಹ್ಯಾಂಗ ಹೇಳ್ಲಿ? ಅದಕ್ಕಿಂತ ಸಾಯೂದು ಸರಳ" ಎಂದರು.

"ಸಾಯೂದು ನಿಮಗ ಸರಳ. ಆಮ್ಯಾಲ ಚಾದ ಅಂಗಡ್ಯಾಂವ ನಿಮ್ಮನ್ನ ಹೊಗಳೂದು ಕೇಳ್ಕೋತ ಕುಂದ್ರಾಕಿ ನಾ!"

ವಿಮಾ ಕಚೇರಿ ಇದ್ದದ್ದೂ ಅಫಜಲಪುರದಲ್ಲೇ, ಏಜೆಂಟರೂ ಮಾಮಾನೇ. ನೀನೊಬ್ಬಳೇ ಹೋಗಿ ಬಾ ಎಂದರು ಇವರು. ನಿಮ್ಮ ಬೀಡಿ, ನೀವೇ ಬರ್ರಿ ಎಂದೆ. ಮಗಳಿಗೆ ಫೋನು ಹಚ್ಚಿದರು, ಅವಳಾದರೂ ತಮ್ಮ ಪಕ್ಷ ಹಿಡಿಯಲಿ ಎಂದು. "ಅಪ್ಪಾ, ತಪಾಸಣಿ ಮಾಡಿದ್ರ ಮೂತ್ರದಾಗೂ ಗೊತ್ತಾಗ್ತದ. ಸುಮ್ನ ಅವ್ವನ ಸಂಗಡ ಹೋಗ್ರಿ" ಎಂದು ಅವಳು ಫೋನಿಟ್ಟಳು.

ಶುಕ್ರವಾರ ಬೆಳಿಗ್ಗೆ ಅಂಗಡಿಯ ಶಟರ್ ಇಳಿಸಿ, ಇಬ್ಬರೂ ಅಫಜಲಪುರದ ಬಸ್ಸು ಹಿಡಿದೆವು. ಬಸ್ಸು ಬರುವ ಮೊದಲು ಸ್ಟ್ಯಾಂಡಿನ ಹಿಂದೆ ಹೋಗಿ ಬಂದರು. ಏಲಕ್ಕಿಯ ವಾಸನೆ ಬಂತು. ನಾನು ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟ್ ಪಡೆದೆ, ಇವರು ರೊಕ್ಕ ಕೊಟ್ಟರು. "ತಪ್ಪ ಮಾಡಿದಾಂವ್ಗ ಟಿಕೆಟ್, ನಿನಗ ಪುಕ್ಕಟೆ. ಕಂಡಕ್ಟರ್‌ಗೂ ಗೊತ್ತಾಗ್ಯದ" ಎಂದು ಗೊಣಗಿದರು. ನಕ್ಕು ನಕ್ಕು ನನ್ನ ಹೆದರಿಕೆ ಅರ್ಧ ಇಳಿಯಿತು. ಆಮೇಲೆ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ತುಟಿ ಅಲುಗಿಸುತ್ತಿದ್ದರು. ಜಪವೇನೋ ಎಂದುಕೊಂಡು ಕಿವಿಗೊಟ್ಟೆ. "ಮಾಮಾ, ಒಂದ ಮಾತು ಇತ್ರಿ... ಮಾಮಾ, ತಪ್ಪ ತಿಳಕೋಬ್ಯಾಡ್ರಿ..." ಎಂದು ಬಾಯಿಪಾಠ ಮಾಡುತ್ತಿದ್ದರು.

ಬಾಯಿಪಾಠ ಮಾಡಿದ್ದು ಮಾಮಾನ ಹೊಸ್ತಿಲು ದಾಟುತ್ತಲೇ ಮರೆತುಹೋಯಿತು. ಕಾಲು ಮುಟ್ಟಿ ನಮಸ್ಕಾರ ಮಾಡಿದರು, ಕೂತರು, ಮೋಟರಿನ ಮಾತಾಡಿದರು. ವೋಲ್ಟೇಜಿನ ಮಾತಾಡಿದರು. ಮಾವಿನ ಹೂವಿನ ಮಾತಾಡಿದರು. ಮಾಮಾನ ಹೆಂಡತಿ, ನಮ್ಮ ಅತ್ತಿ, ಊಟಕ್ಕೆ ಹಾಕಿದರು. ಉಂಡು ಕೈ ತೊಳೆದರು. ಗೋಡೆಯ ಗಡಿಯಾರದಲ್ಲಿ ಎರಡು ಹೊಡೆಯಿತು. ನಾನು ಕಣ್ಣು ಮಾಡಿದೆ, ಇವರು ನೆಲದ ಶಹಾಬಾದ ಕಲ್ಲಿನ ಸಂದಿಗಳನ್ನು ಎಣಿಸುತ್ತಿದ್ದರು. ಇನ್ನು ತಡೆಯಲಾಗಲಿಲ್ಲ. ಚೀಲದಿಂದ ಲಕೋಟೆ ತೆಗೆದು ಮಾಮಾನ ಮುಂದೆ ಮಂಚದ ಮೇಲಿಟ್ಟೆ.

"ಮಾಮಾರ, ಇದರಾಗ ಒಂದು ಸಾಲು ಬರೋಬ್ಬರಿ ಇಲ್ರಿ."

ಮಾಮಾ ಕನ್ನಡಕ ಹಾಕಿಕೊಂಡರು. ಯಾವ ಸಾಲು ಎಂದು ಕೇಳಲಿಲ್ಲ. ಹಾಳೆ ತಿರುವಿ ನೇರ ಅದೇ ಸಾಲಿಗೆ ಬಂದರು. ಆಗಲೇ ನನಗೆ ಹೊಳೆಯಿತು. ಮಾಮಾನಿಗೆ ಗೊತ್ತಿದೆ!

ಇಜೇರಿಯ ಸಂಗತಿಯನ್ನೂ ಮೂವತ್ತು ದಿನದ ಲೆಕ್ಕವನ್ನೂ ನಾನೇ ಗಡಿಬಿಡಿಯಿಂದ ಹೇಳಿದೆ. ಮಾಮಾ ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಎದ್ದು ಕಪಾಟಿನಿಂದ ಗೆರೆಯ ಹಾಳೆ, ಪೆನ್ನು ತಂದು ಇವರ ಮುಂದಿಟ್ಟರು.

"ಯವ್ವಾ, ನಾ ಹೊರಗ ಕಟ್ಟಿ ಮ್ಯಾಲ ಕುಂದರ್ತೇನಿ. ನಾ ಹೇಳಿದ್ದು ಇಂವ ಬರೀಲಿ. ನೀ ಬಾಜೂಕ ಕುಂದ್ರು."

ಹೊರಗೆ ಹೋಗಿ, ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ ಕೂತರು. ಎದುರಿಗೆ ಎಮ್ಮೆ ಕಟ್ಟಿತ್ತು. ಅಲ್ಲಿಂದ, ಗೋಡೆಯಾಚೆಯಿಂದ, ನಲವತ್ತು ಮಕ್ಕಳ ತರಗತಿಗೆ ಉಕ್ತಲೇಖನ ಹೇಳುವ ದನಿಯಲ್ಲಿ ಶುರುಮಾಡಿದರು.

"ಮಾನ್ಯರೇ. ಬರದೀ?"

"ಹೂಂ ರಿ."

"ನನ್ನ ಫಾರಮಿನಲ್ಲಿ ತಂಬಾಕಿನ ಪ್ರಶ್ನೆಗೆ ಇಲ್ಲ ಎಂದು ಬರೆದದ್ದು ತಪ್ಪು. ಪೂರ್ಣವಿರಾಮ. ಬರದೀ?"

"ಬರದೇನ್ರಿ ಮಾಮಾ."

"ನನಗೆ ಬೀಡಿ ಸೇದುವ ಅಭ್ಯಾಸವಿದೆ."

ಐವತ್ತೆರಡು ವರ್ಷದ ಮನುಷ್ಯನ ಕೈ ಅಲ್ಲೇ ತಡೆಯಿತು. ದೊಡ್ಡ ದೊಡ್ಡ ಮೋಟರಿನ ಒಳಗೆ ಕೂದಲೆಳೆಯಂಥ ತಂತಿ ಸುತ್ತುವ ಕೈ ಅದು. ಪೆನ್ನಿನ ತುದಿ ಹಾಳೆಗೆ ತಾಗಿ ಒಂದು ಚುಕ್ಕೆಯಾಗಿ ನಿಂತುಬಿಟ್ಟಿತು. ಹೊರಗೆ ಮಾಮಾ ಕಾದರು. ಆಮೇಲೆ ಪೆನ್ನು ನಡೆಯಿತು. ಬೀಡಿ. ಸೇದುವ. ಅಭ್ಯಾಸವಿದೆ. ಒಂದೊಂದು ಅಕ್ಷರವೂ ದುಂಡಗೆ, ಶಾಲೆಯಲ್ಲಿ ಕಲಿಸಿದಂತೆ.

"ಬರದೇನ್ರಿ" ಎಂದರು.

"ಹಾಂ. ಮುಂದ... ಇಷ್ಟು ವರ್ಷಗಳಿಂದ, ದಿನಕ್ಕೆ ಇಷ್ಟು. ಅಲ್ಲಿ ಎರಡು ಕಡೆ ಜಾಗಾ ಬಿಡು. ಅದು ನಾ ಕೇಳೂದಿಲ್ಲ. ಗಂಡ ಹೆಂಡತಿ ಕೂಡಿ ತುಂಬ್ರಿ." ಹಾಗೆಂದು ಮಾಮಾ ಜೋರಾಗಿ ಎಮ್ಮೆಯೊಡನೆ ಮಾತಾಡತೊಡಗಿದರು. ಹಿಂಡಿ ತಿಂದೆಯಾ, ನೀರು ಕುಡಿದೆಯಾ ಎಂದು.

ಇವರು ಮೆಲ್ಲಗೆ "೪" ಎಂದು ಬರೆಯಹೊರಟರು. ಪೆನ್ನು ಹಿಡಿದೆ.

"ನಾಕು? ಹನ್ನೆರಡು ಹಾಕ್ರಿ."

"ಆರು" ಎಂದು ಪಿಸುಗುಟ್ಟಿದರು.

"ಇದೇನ್ ಕಾಯಿಪಲ್ಯಾ ಏನ್ರಿ ಚೌಕಾಶಿ ಮಾಡಾಕ? ಸೋಮವಾರ ತಂದ ಕಟ್ಟು ಬುಧವಾರ ಖಾಲಿ. ಅಂಗಿ ಒಗಿಯಾಕಿ ನಾ. ಕಿಸೇದಾಗ ಎಷ್ಟು ಉಳೀತಾವ ನನಗ ಗೊತ್ತಿಲ್ಲೇನು?"

"ಎಂಟು. ಒಂದೂ ಹೆಚ್ಚಿಲ್ಲ."

ಹೊರಗಿಂದ ಗುಡುಗಿನಂಥ ದನಿ ಬಂತು. "ಹನ್ನೆರಡ ಇದ್ರ ಹನ್ನೆರಡ ಹಾಕಲೇ! ... ನಾ ಎಮ್ಮಿಗಿ ಹೇಳಾಕತ್ತೇನಿ."

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಅತ್ತಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ನಾನು ನೀರು ತರುವ ನೆವದಿಂದ ಒಳಗೆ ಹೋದರೆ ನನ್ನ ಕೈ ಹಿಡಿದು, "ವರ್ಷ ಮೂವತ್ತನಾಕು ಹಾಕಂತ ಹೇಳ. ಹದಿನೆಂಟಕ್ಕ ಹಿಡದಾನ. ಈ ಹಿತ್ತಲದಾಗ, ಇದ ಕಣಕಿ ಬಣವಿ ಹಿಂದ" ಎಂದರು.

"ನಿಮಗ ಗೊತ್ತಿತ್ತೇನ್ರಿ ಅತ್ತಿ? ಮಾಮಾರಿಗೂ?"

"ನಿಮ್ಮ ಮಾಮಾ ತಿರುವಿಗಿ ಕೆಮ್ಮೂದು ಯಾಕಂತ ತಿಳದೀದಿ? ನಾ ಬಂದು ಐವತ್ತು ವರ್ಷ ಆತು, ನನ್ನ ಸೆರಗಿಗಂತ ಒಂದಿನ ಕೆಮ್ಮಿಲ್ಲ. ಆ ಬಣವಿ ಹಿಂದ ಹೊಗಿ ಕಂಡ ದಿನದಿಂದ ಕೆಮ್ಮಾಕ ಹಿಡದಾರ. ಹುಡುಗ ಮುಜುಗರ ಪಡಬಾರ್ದು, ಬಣವಿಗೂ ಬೆಂಕಿ ಹತ್ತಬಾರ್ದು ಅಂತ."

ಇಪ್ಪತ್ತಾರು ವರ್ಷ ನಾನು ಅವಸರದಿಂದ ಹೊದ್ದ ಸೆರಗೆಲ್ಲ ನೆನಪಾಯಿತು. ನಗಬೇಕೋ ಅಳಬೇಕೋ ತಿಳಿಯದೆ ಅತ್ತಿಯ ಹೆಗಲಿಗೆ ಹಣೆ ಹಚ್ಚಿ ನಿಂತೆ.

ಹಾಳೆ ತುಂಬಿತು. ಇವರು ಸಹಿ ಮಾಡಿದರು. ಈ ಸಲ ಪೂರ್ತಿ ಓದಿ ಮಾಡಿದರು. ಮಾಮಾ ಒಳಗೆ ಬಂದು ಹಾಳೆ ತೆಗೆದುಕೊಂಡು, ಇವರ ಮುಖ ನೋಡದೆ, ಕೆಳಗೆ ತಮ್ಮ ಕೈಯಾರೆ ಇನ್ನೆರಡು ಸಾಲು ಸೇರಿಸಿದರು: ಆ ಪ್ರಶ್ನೆಯನ್ನು ಏಜೆಂಟನಾದ ನಾನು ಕೇಳದೆ ತುಂಬಿದೆ. ತಪ್ಪು ನನ್ನದೂ ಇದೆ.

"ಮಾಮಾ, ಇದಕ್ಕ ನಿಮ್ಮ ಏಜೆನ್ಸಿಗಿ ತೊಂದ್ರಿ ಆದ್ರ?" ಎಂದು ಇವರು ಗಾಬರಿಯಾದರು.

"ಆಗ್ಲಿ." ಮಾಮಾ ಕಿಟಕಿಯ ಕಡೆ ತಿರುಗಿದರು. "ನಿಮ್ಮಪ್ಪ ಹೋದ ಮ್ಯಾಲ ನಮ್ಮ ತಂಗಿ ನಿನ್ನ ಕೈ ಹಿಡಕೊಂಡು ಈ ಬಾಗಲಿಗಿ ಬಂದಳು. ಮತ್ತೊಂದು ಮನಿಗಿ ಹಂಗ ಆಗಬಾರ್ದು ಅಂತ ನಾ ಈ ಉದ್ಯೋಗ ಹಿಡದೆ. ಹಿಡದು, ನಮ್ಮ ಹುಡುಗನ ಫಾರಮಿನಾಗೇ ಮರ್ಯಾದಿ ನೋಡ್ಕೋತ ಕುಂತೆ. ಹಿರೇರ ನಡುವ ಕೇಳಿದ್ರ ನೀ ತಲಿ ತಗ್ಗಸ್ತಿದ್ದಿ. ಕೇಳಾಕ ಮನಸ ಆಗ್ಲಿಲ್ಲ." ಗಡಿಯಾರ ನೋಡಿದರು. "ಮೂರೂವರಿ! ಏಳಲೇ, ಕೌಂಟರ್ ಬಂದ್ ಮಾಡ್ತಾರ!"

ಆಮೇಲಿನದು ಓಟ. ಎಂಬತ್ತರ ಹತ್ತಿರದ ಮಾಮಾ ಧೋತರ ಎತ್ತಿ ಹಿಡಿದು ಮುಂದೆ, ಇವರು ಹಿಂದೆ, ಒಂದು ಚಪ್ಪಲಿಯ ಉಂಗುಟ ಹರಿದುಕೊಂಡ ನಾನು ಅವರ ಹಿಂದೆ. ಓಣಿಯ ತುದಿಯಲ್ಲಿ ಆಟೋ ಸಿಕ್ಕಿತು. ವಿಮಾ ಕಚೇರಿಯ ಮೆಟ್ಟಿಲನ್ನು ನಾನು ಬರಿಗಾಲಲ್ಲಿ ಹತ್ತಿದೆ. ಕೌಂಟರಿನ ಹುಡುಗಿ ಕಂಪ್ಯೂಟರ್ ಮುಚ್ಚುವುದರಲ್ಲಿದ್ದಳು. ಹಾಳೆ ಓದಿದಳು, ಇವರನ್ನು ನೋಡಿದಳು, ಮತ್ತೆ ಓದಿದಳು.

"ಸತ್ತ ಮ್ಯಾಲ ನಮಗ ಗೊತ್ತಾಗೂದು ರೂಢಿರಿ. ಇದ್ದಾಗೇ ಬಂದು ಹೇಳಿದಾರ್ನ ನಾ ಇವತ್ತ ನೋಡಾಕತ್ತೇನಿ" ಎಂದಳು. ತಪಾಸಣೆ ಆಗಬೇಕು, ಕಂತು ಹೆಚ್ಚಾಗಬಹುದು, ಬೇಡವೆಂದು ಪಾಲಿಸಿಯನ್ನೇ ತಿರುಗಿಸಲೂಬಹುದು, ಯಾವ ಮಾತನ್ನೂ ನಾನು ಕೊಡಲಾರೆ ಎಂದೂ ಹೇಳಿದಳು. ನಮ್ಮ ನಕಲಿನ ಮೇಲೆ ಠಪ್ಪೆಂದು ದಿನಾಂಕದ ಮೊಹರು ಒತ್ತಿದಳು. ಆ ಸದ್ದು! ಮದುವೆಯಲ್ಲಿ ಬಾರಿಸಿದ ವಾಲಗವೂ ನನಗೆ ಅಷ್ಟು ಇಂಪಾಗಿ ಕೇಳಿಸಿರಲಿಲ್ಲ.

ಕಾಯುವುದು ಮಾತ್ರ ಕಠಿಣವಾಯಿತು. ರಕ್ತ ಕೊಟ್ಟರು, ಮೂತ್ರ ಕೊಟ್ಟರು, ಎದೆಯ ಇಸಿಜಿ ಪಟ್ಟಿ ತೆಗೆಸಿದರು. ದಿನಾ ಅಂಚೆಯವನ ಸೈಕಲ್ಲಿಗೆ ಕಿವಿಯಿಟ್ಟೆ. ಚೌಕಗಳಲ್ಲಿ "ಇವತ್ತೂ ಇಲ್ಲ", "ಇವತ್ತೂ ಇಲ್ಲ" ಎಂದು ಬರೆದೆ. ಇವರು ಬೀಡಿ ಬಿಟ್ಟರೇ ಎಂದು ಕೇಳುತ್ತೀರಿ. ಬಿಡಲಿಲ್ಲ. ಆದರೆ ಹನ್ನೆರಡು ಎಂದು ತಮ್ಮ ಕೈಯಲ್ಲೇ ಬರೆದದ್ದು ಎಲ್ಲೋ ಚುಚ್ಚಿರಬೇಕು. ಕಟ್ಟು ಈಗ ಶುಕ್ರವಾರದವರೆಗೆ ಬರುತ್ತಿತ್ತು. ನಾನು ಕೇಳಲಿಲ್ಲ, ಕಿಸೆ ನೋಡಿದೆ ಅಷ್ಟೆ.

ಲಕೋಟೆ ಬಂದದ್ದು ಹಪ್ಪಳ ಒಣಹಾಕಿದ ದಿನ. ಹಿಟ್ಟಿನ ಕೈಯಲ್ಲೇ ಹರಿದೆ. ಪಾಲಿಸಿ ಉಳಿದಿತ್ತು! ಕಂತು ಹೆಚ್ಚಾಗಿತ್ತು, ಆಗಲಿ. ಹೊಸ ಹಾಳೆಯಲ್ಲಿ ಆ ಪ್ರಶ್ನೆಯ ಮುಂದೆ ಅಚ್ಚಾಗಿತ್ತು: ಹೌದು. ಬೀಡಿ. ದಿನಕ್ಕೆ ಹನ್ನೆರಡು. ಅಂಗಡಿಗೆ ಓಡಿಹೋಗಿ, ಮೋಟರು ಬಿಚ್ಚಿಕೊಂಡು ಕೂತಿದ್ದ ಇವರ ಮುಂದೆ ಮೂರು ಸಲ ಗಟ್ಟಿಯಾಗಿ ಓದಿದೆ. "ಸಾವಕಾಶ ಓದ ಬೇ, ಬಸ್‌ಸ್ಟ್ಯಾಂಡಿಗೆಲ್ಲಾ ಕೇಳ್ತದ" ಎಂದರು. ಕೇಳಲಿ ಎಂದೆ. ಕೇಳಲಿ, ಎಲ್ಲರಿಗೂ ಕೇಳಲಿ! ಇನ್ನು ಯಾರು ಯಾವ ಪಾನ್ ಶಾಪಿಗೆ ಹೋಗಿ ಕೇಳಿದರೂ ಇದೇ ಉತ್ತರ ಸಿಗುತ್ತದೆ. ಅಂದು ಸಂಜೆಯೇ ಇಜೇರಿಯ ತಂಗಿಗೆ ಫೋನು ಮಾಡಿದೆ. ಅವಳು, "ಚೊಲೋ ಆತಕ್ಕಾ. ನಾ ಕೇಳಿದ್ದಕ್ಕ ಹೋಗಿ ನೋಡ್ದಿಯಲ್ಲಾ" ಎಂದಳು. ಫೋನಿಟ್ಟ ಮೇಲೂ ಆ ದನಿ ನನ್ನ ಕಿವಿಯಲ್ಲಿತ್ತು.

ಮರುವಾರ ಹೊಸ ಪಾಲಿಸಿ ನೋಡಲು ಮಾಮಾ ಆಳಂದಕ್ಕೆ ಬಂದರು. ಅವರ ಏಜೆನ್ಸಿ ಉಳಿದಿತ್ತು, ಕಚೇರಿಯವರು ಬುದ್ಧಿ ಹೇಳಿ ಬಿಟ್ಟಿದ್ದರು. ಮಧ್ಯಾಹ್ನದ ಹೊತ್ತು. ಇವರು ಹಿತ್ತಲ ಬಾಗಿಲಲ್ಲಿ ನಿಂತು ಬೀಡಿ ಹಚ್ಚಿದ್ದರು. ಓಣಿಯ ತಿರುವಿನಲ್ಲಿ ಕೆಮ್ಮು ಕೇಳಿತು. ಇವರು ನನ್ನನ್ನು ನೋಡಿದರು, ನಾನು ಇವರನ್ನು ನೋಡಿದೆ. ಬರೆದಾಗಿತ್ತು, ಮೊಹರು ಬಿದ್ದಿತ್ತು, ಅಚ್ಚೂ ಆಗಿತ್ತು. ಇನ್ನು ಅಡಗಿಸುವುದೇನಿದೆ? ಆದರೂ ಇವರ ಬೆರಳು ತಾನಾಗಿಯೇ ಬೀಡಿಯನ್ನು ಗೋಡೆಗೆ ಹೊಸಕಿತು. ಜೇಬಿನಲ್ಲಿ ಏಲಕ್ಕಿ ಹುಡುಕತೊಡಗಿದರು. ಸಿಗಲಿಲ್ಲ. ನಾನು ಡಬ್ಬಿಗೆ ಓಡಿದೆ.

ಬಾಗಿಲ ಹೊರಗೆ ಚಪ್ಪಲಿಯ ಸದ್ದು ನಿಂತಿತು. ಒಳಗೆ ಇನ್ನೂ ಗಡಿಬಿಡಿ ಮುಗಿದಿಲ್ಲವೆಂದು ತಿಳಿದಿರಬೇಕು, ಮಾಮಾ ಅಲ್ಲೇ ನಿಂತು ಇನ್ನೊಂದು ಸಲ ಕೆಮ್ಮಿದರು.

ಅವತ್ತಿನ ಚೌಕದಲ್ಲಿ ಬರೆದೆ: "ಮಾಮಾ ಬಂದರು. ಹೊಸ ಪಾಲಿಸಿ ಓದಿದರು. ಜೋಳದ ರೊಟ್ಟಿ, ಬದನೆಕಾಯಿ. ಎರಡು ಸಲ ಕೆಮ್ಮಿದರು."